ಕಡಿಯಲು ಗುರುತು ಹಾಕಿರುವ ರಸ್ತೆಬದಿಯ ಹಳೆಯ ಮರಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ – ಆರನೇ ಮರದ ಎದುರುಮನೆ

ಎಲ್ಲರಿಗೂ ನಮಸ್ಕಾರ. ನಾವು ವಾಸಿಸುವ ರಸ್ತೆಯ ಎರಡೂ ಬದಿಗಳಲ್ಲಿ ಒಟ್ಟು 23 ದೊಡ್ಡ ಮರಗಳಿವೆ. ನಾನು ಈ ಮನೆಗೆ ಬರುವ ಹೊತ್ತಿಗಾಗಲೇ ಅವು ಬೆಳೆದು ನಿಂತಿದ್ದವು; ಈಗ ಎರಡೂ ಬದಿಯ ಕೊಂಬೆಗಳು ರಸ್ತೆಯ ನಡುವೆ ಕೂಡಿಕೊಂಡು ಚಪ್ಪರ ಹಾಕಿದಂತಾಗಿದೆ. ಕಳೆದ ವಾರ ಬೆಳಿಗ್ಗೆ ಬಾಗಿಲು ತೆರೆದಾಗ ಒಂಬತ್ತು ಮರಗಳ ಮೇಲೆ ಹಳದಿ ಬಣ್ಣದಲ್ಲಿ ಅಂಕಿ ಬರೆದಿದ್ದರು. ನಮ್ಮ ಮನೆಯ ಎದುರಿನ ಮರಕ್ಕೆ ಬಿದ್ದ ಅಂಕಿ 6. ಬಣ್ಣ ಇನ್ನೂ ಹಸಿಯಿತ್ತು. ತೊಗಟೆಯ ಬಿರುಕುಗಳಲ್ಲಿ ಇಳಿದು ಬುಡದ ಅಂಚುಗಲ್ಲಿನ ಮೇಲೆ ತೊಟ್ಟಿಕ್ಕಿತ್ತು.

ಎರಡು ದಿನಗಳ ನಂತರ ವಿದ್ಯುತ್ ಕಂಬಕ್ಕೆ ಒಂದು ಸೂಚನಾ ಪತ್ರ ಅಂಟಿಸಿದರು. ಮರಗಳ ಬೇರುಗಳು ಪಾದಚಾರಿ ಮಾರ್ಗವನ್ನು ಮೇಲೆತ್ತಿವೆ, ಚರಂಡಿಗೆ ಅಡ್ಡಿಯಾಗಿವೆ, ಮರಗಳಿಗೆ ವಯಸ್ಸಾಗಿದ್ದು ಅಪಾಯಕಾರಿಯಾಗಿವೆ ಎಂಬ ಮೂರು ಕಾರಣಗಳನ್ನು ಒಂಬತ್ತೂ ಮರಗಳಿಗೆ ಒಟ್ಟಾಗಿ ನೀಡಲಾಗಿದೆ. ಪ್ರತಿ ಮರಕ್ಕೆ ಬದಲಾಗಿ ಹತ್ತು ಸಸಿಗಳನ್ನು ಬೇರೆಡೆ ನೆಡಲಾಗುವುದು ಎಂದೂ ಅದರಲ್ಲಿದೆ. ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನಗಳ ಅವಕಾಶವಿದ್ದು, ಅದರಲ್ಲಿ ಐದು ದಿನ ಈಗಾಗಲೇ ಕಳೆದುಹೋಗಿದೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಾದಚಾರಿ ಮಾರ್ಗ ಹಾಳಾಗಿರುವುದು ನಿಜ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಗಾಲಿಕುರ್ಚಿ ಬಳಸುತ್ತಾರೆ. ಆರನೇ ಮರದ ಬಳಿ ಚಪ್ಪಡಿ ಒಂದು ಗೇಣಿನಷ್ಟು ಮೇಲೆದ್ದಿರುವುದರಿಂದ ಅವರು ವಾಹನಗಳ ನಡುವೆ ರಸ್ತೆಗೆ ಇಳಿದೇ ಮುಂದೆ ಹೋಗಬೇಕು. ಅವರ ತೊಂದರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮರ ಉಳಿಸಿ ಎಂದು ಕೇಳಲು ನನಗೆ ಮನಸ್ಸು ಬರುತ್ತಿಲ್ಲ. ಆದರೆ ಆ ಚಪ್ಪಡಿಯನ್ನು ಸರಿಪಡಿಸಲು ಇಡೀ ಮರವನ್ನೇ ಉರುಳಿಸಬೇಕೆಂಬುದನ್ನು ಒಪ್ಪಿಕೊಳ್ಳಲೂ ಆಗುತ್ತಿಲ್ಲ. ಬೇರುಗಳ ವಿಷಯದಲ್ಲಿ ಅವರು ಹೇಳುವುದು ತಾಂತ್ರಿಕವಾಗಿ ಎಷ್ಟರಮಟ್ಟಿಗೆ ಸರಿ? ಉಳಿದಿರುವ ಹತ್ತು ದಿನಗಳಲ್ಲಿ ನಾವು ಏನು ಬರೆಯಬೇಕು, ಯಾರನ್ನು ಕಾಣಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ – ನಿವೃತ್ತ ರಸ್ತೆ ಇಂಜಿನಿಯರ್

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ರಸ್ತೆ ನಿರ್ವಹಣೆಯ ಕೆಲಸದಲ್ಲಿದ್ದವನು. ಮರ ಕಡಿಯುವ ಪಟ್ಟಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಅವುಗಳಲ್ಲಿ ಕೆಲವು ಮರಗಳನ್ನು ಖಂಡಿತವಾಗಿ ಉಳಿಸಬಹುದಿತ್ತು ಎಂಬ ನೋವು ಇಂದಿಗೂ ಇದೆ. ಆದ್ದರಿಂದ ಒಳಗಿನಿಂದ ಕಂಡದ್ದನ್ನೇ ಹೇಳುತ್ತೇನೆ.

ಇಂತಹ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ರಸ್ತೆ ಕಾಮಗಾರಿಯ ಅಂದಾಜು ಸಿದ್ಧಪಡಿಸುವಾಗ ಒಬ್ಬರು ಹಾಳೆ ಹಿಡಿದು ರಸ್ತೆಯುದ್ದಕ್ಕೂ ನಡೆಯುತ್ತಾರೆ. ಅವರ ಗಮನವೆಲ್ಲ ಅಂಚುಗಲ್ಲಿನ ಸಾಲು ನೇರವಾಗಿದೆಯೇ, ಚರಂಡಿಯ ಇಳಿಜಾರು ಸರಿಯಿದೆಯೇ ಎಂಬುದರ ಮೇಲಿರುತ್ತದೆ. ಆ ಸಾಲಿಗೆ ಅಡ್ಡ ಬಂದ ಮರ ಪಟ್ಟಿಗೆ ಸೇರುತ್ತದೆ. ಮೊದಲ ಮರದ ಮುಂದೆ ಒಂದು ಕಾರಣ ಬರೆದರೆ ಕೆಳಗಿನ ಸಾಲುಗಳಲ್ಲೆಲ್ಲ ‘ಸದರಿ’ ಎಂದು ಬರೆದು ಮುಗಿಸುವುದು ವಾಡಿಕೆ. ನಿಮ್ಮ ಸೂಚನಾ ಪತ್ರದಲ್ಲಿ ಒಂಬತ್ತು ಮರಗಳಿಗೆ ಮೂರು ಕಾರಣಗಳು ಒಟ್ಟಾಗಿ ಬಂದಿರುವುದನ್ನು ನೋಡಿದರೆ ಇಲ್ಲಿಯೂ ಹಾಗೆಯೇ ಆಗಿರುವ ಸಾಧ್ಯತೆ ಹೆಚ್ಚು. ಹಾಗಾಗಿ ನಿಮ್ಮ ಮೊದಲ ಪತ್ರದಲ್ಲಿ ‘ಮರ ಉಳಿಸಿ’ ಎಂಬ ಮನವಿಗಿಂತ ಮುಖ್ಯವಾಗಿ ಇರಬೇಕಾದದ್ದು ಒಂದು ಬೇಡಿಕೆ: ಒಂದನೇ ಮರಕ್ಕೆ ಕಾರಣವೇನು, ಎರಡನೇ ಮರಕ್ಕೆ ಕಾರಣವೇನು, ಆ ಕಾರಣವನ್ನು ಯಾರು, ಯಾವ ದಿನ, ಏನನ್ನು ಅಳೆದು ನಿರ್ಧರಿಸಿದರು, ಕಡಿಯುವುದಕ್ಕೆ ಬದಲಾಗಿ ಯಾವ ಪರಿಹಾರವನ್ನು ಪರಿಶೀಲಿಸಿ ಏಕೆ ಕೈಬಿಟ್ಟರು ಎಂಬುದನ್ನು ಮರವಾರು ಲಿಖಿತವಾಗಿ ಕೊಡಿ ಎಂದು ಕೇಳಿ. ಪತ್ರಕ್ಕೆ ಸ್ವೀಕೃತಿ ಪಡೆಯಿರಿ. ಕಾರಣ ಒಂದೊಂದಾಗಿ ಬಿಡಿಸಿಕೊಂಡಾಗ ಮಾತ್ರ ಪರಿಹಾರವೂ ಒಂದೊಂದಾಗಿ ಹೊಳೆಯುತ್ತದೆ.

ಇನ್ನು ಬೇರಿನ ವಿಷಯ. ಮರದ ಬೇರು ಮರದ ಎತ್ತರದಷ್ಟೇ ಆಳಕ್ಕೆ ಇಳಿದಿರುತ್ತದೆ ಎಂಬ ನಂಬಿಕೆ ನಮ್ಮ ಇಲಾಖೆಗಳಲ್ಲಿಯೂ ಇದೆ, ಅದು ಸರಿಯಲ್ಲ. ಬಹುಪಾಲು ಬೇರುಗಳು ಮಣ್ಣಿನ ಮೇಲಿನ ಒಂದು ಮೀಟರಿನೊಳಗೇ ಇರುತ್ತವೆ, ಅದರಲ್ಲಿಯೂ ಹೆಚ್ಚಿನವು ಮೊದಲ ಅರವತ್ತು ಸೆಂಟಿಮೀಟರಿನೊಳಗೆ, ಮತ್ತು ಅಗಲಕ್ಕೆ ಕೊಂಬೆಗಳ ಹರವನ್ನು ದಾಟಿ ಹೋಗುತ್ತವೆ. ಬೇರಿಗೆ ಗಾಳಿಯೂ ತೇವವೂ ಬೇಕು. ಗಟ್ಟಿಯಾಗಿ ದಮ್ಮಸು ಹಾಕಿದ ರಸ್ತೆಯ ಕೆಳಗೆ ಅವೆರಡೂ ಸಿಗುವುದಿಲ್ಲ. ಚಪ್ಪಡಿಯ ತಳಕ್ಕೂ ಅದರ ಕೆಳಗಿನ ಮರಳಿಗೂ ನಡುವಿನ ತೆಳುವಾದ ಸಂದಿನಲ್ಲಿ ಸಿಗುತ್ತವೆ. ಬೇರು ಅಲ್ಲಿ ಹರಿದು, ವರ್ಷ ವರ್ಷ ದಪ್ಪವಾಗುತ್ತಾ ಚಪ್ಪಡಿಯನ್ನು ಎತ್ತುತ್ತದೆ. ಚರಂಡಿಯ ಕೊಳವೆಯ ಮಾತೂ ಹೀಗೆಯೇ: ಗಟ್ಟಿಮುಟ್ಟಾದ ಕೊಳವೆಯನ್ನು ಬೇರು ಒಡೆದು ಒಳನುಗ್ಗುವುದು ಅಪರೂಪ; ಜಾಯಿಂಟ್ ಸಡಿಲವಾಗಿಯೋ ಬಿರುಕು ಬಿಟ್ಟೋ ನೀರು ಜಿನುಗುತ್ತಿರುವ ಕಡೆ ಅದು ಒಳಸೇರುತ್ತದೆ. ಮರ ಕಡಿದರೂ ಆ ಸೋರಿಕೆ ಉಳಿದೇ ಇರುತ್ತದೆ.

ಗಾಲಿಕುರ್ಚಿಯ ಹಿರಿಯರ ತೊಂದರೆಗೆ ಪರಿಹಾರ ಖಂಡಿತ ಇದೆ. ಮೇಲೆದ್ದ ಚಪ್ಪಡಿಗಳನ್ನು ತೆಗೆದು, ಬೇರಿನ ಮೇಲೆ ಮಣ್ಣು ಹಾಗೂ ಸಣ್ಣ ಜಲ್ಲಿಯ ಪದರ ಹಾಕಿ, ನೆಲದ ಮಟ್ಟವನ್ನು ಎರಡೂ ಕಡೆಯಿಂದ ನಿಧಾನವಾಗಿ ಏರಿಸಿ ಇಳಿಸಿದರೆ ಗೇಣೆತ್ತರದ ಮೆಟ್ಟಿಲಿನ ಬದಲು ಸುಲಭವಾದ ಇಳಿಜಾರು ಸಿಗುತ್ತದೆ. ಬುಡದ ಸುತ್ತ ರಬ್ಬರ್ ಹರಳುಗಳಿಂದ ಮಾಡಿದ, ನೀರು ಇಳಿಯಲು ಬಿಡುವ ಮೆತ್ತನೆಯ ಹಾಸು ಹಾಕಬಹುದು. ಅದು ಬೇರಿನೊಂದಿಗೆ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ. ಅಂಚುಗಲ್ಲು ಬೇರಿಗೆ ತಾಗುತ್ತಿದ್ದರೆ ಆ ಎರಡು ಮೀಟರ್ ಉದ್ದದಲ್ಲಿ ತೆಳುವಾದ ಕಲ್ಲು ಬಳಸಬಹುದು, ಅಥವಾ ಅಂಚನ್ನು ರಸ್ತೆಯ ಕಡೆಗೆ ಅರ್ಧ ಮೀಟರ್ ಬಳಸಿ ತರಬಹುದು. ಇವೆಲ್ಲ ಸಾಧಾರಣ ಮೇಸ್ತ್ರಿಯ ಕೈಯಲ್ಲಿ ಆಗುವ ಕೆಲಸಗಳು. ಆದರೆ ಜೆಸಿಬಿಯಿಂದ ಬುಡದ ಸುತ್ತ ಅಗೆಯಲು ಮಾತ್ರ ಬಿಡಬೇಡಿ. ಬ್ರಿಟನ್ನಿನ ಬಿಎಸ್ 5837 ಎಂಬ ಮಾನಕವು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಎಷ್ಟಿದೆಯೋ ಅದರ ಹನ್ನೆರಡು ಪಟ್ಟು ದೂರದವರೆಗಿನ ಬೇರುವಲಯವನ್ನು ಕಾಪಾಡಬೇಕೆಂದು ಹೇಳುತ್ತದೆ. 70 ಸೆಂಟಿಮೀಟರ್ ವ್ಯಾಸದ ಮರಕ್ಕೆ ಅದು 8.4 ಮೀಟರ್ ಆಗುತ್ತದೆ. 25 ಮಿಲಿಮೀಟರಿಗಿಂತ ದಪ್ಪವಾದ ಬೇರನ್ನು ಮರತಜ್ಞರನ್ನು ಕೇಳದೆ ಕತ್ತರಿಸಬಾರದು ಎಂಬುದೂ ಅದರಲ್ಲಿದೆ. ಕಾಮಗಾರಿಗಾಗಿ ಒಂದು ಪಕ್ಕದ ಬೇರುಗಳನ್ನೆಲ್ಲ ಕತ್ತರಿಸಿ, ಮುಂದೆ ಆ ಮರ ಗಾಳಿಗೆ ಬಿದ್ದಾಗ ‘ವಯಸ್ಸಾಗಿತ್ತು’ ಎಂದು ಬರೆದ ಕಡತಗಳನ್ನು ನಾನು ಕಂಡಿದ್ದೇನೆ.

ರಸ್ತೆ ವಿಭಾಗದವರ ಮುಂದೆ ಮಾತನಾಡುವಾಗ ಇನ್ನೊಂದು ಸಂಗತಿ ನೆನಪಿರಲಿ. ಮರವು ರಸ್ತೆಯನ್ನು ಹಾಳುಮಾಡುತ್ತದೆ ಎಂದಷ್ಟೇ ಅವರು ಲೆಕ್ಕ ಹಾಕುತ್ತಾರೆ. ನೆರಳು ಡಾಂಬರನ್ನು ಕಾಪಾಡುತ್ತದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ನಗರದ ರಸ್ತೆಗಳನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನೆರಳಿಲ್ಲದ ರಸ್ತೆಗೆ ಮೂವತ್ತು ವರ್ಷಗಳಲ್ಲಿ ಆರು ಬಾರಿ ಡಾಂಬರಿನ ತೆಳುಲೇಪ ಬೇಕಾದರೆ, ದೊಡ್ಡ ಮರಗಳ ನೆರಳಿದ್ದ ರಸ್ತೆಗೆ ಸರಾಸರಿ ಎರಡೂವರೆ ಬಾರಿ ಸಾಕಾಗುತ್ತದೆ. ಚಿಕ್ಕ ಮರಗಳಿದ್ದ ರಸ್ತೆಗೆ ಐದು ಬಾರಿ ಬೇಕು. ಮರದ ಗಾತ್ರ ಎಷ್ಟು ಮುಖ್ಯ ಎಂಬುದು ಈ ಅಂಕಿಗಳಲ್ಲಿಯೇ ಇದೆ.

ಉತ್ತರ – ಮರ ಪರಿಶೀಲನೆ ನನ್ನ ವೃತ್ತಿ

ಇಂಜಿನಿಯರ್ ಸಾಹೇಬರು ಬೇರು ಮತ್ತು ರಸ್ತೆಯ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ‘ವಯಸ್ಸಾಗಿದೆ, ಅಪಾಯಕಾರಿ’ ಎಂಬ ಮೂರನೇ ಕಾರಣದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಜನರು ಬೇಗ ಸೋಲುವುದು ಈ ಕಾರಣದ ಮುಂದೆಯೇ. ನಾಳೆ ಯಾರ ತಲೆಯ ಮೇಲಾದರೂ ಬಿದ್ದರೆ ನೀವು ಹೊಣೆಯೇ ಎಂದು ಕೇಳಿದಾಗ ಯಾರೂ ಮಾತನಾಡುವುದಿಲ್ಲ.

ವಯಸ್ಸು ಮತ್ತು ಅಪಾಯ ಎರಡು ಬೇರೆ ಬೇರೆ ಸಂಗತಿಗಳು. ಅಪಾಯವೆಂದರೆ ಮರವೋ ಕೊಂಬೆಯೋ ಮುರಿಯುವ ಸಂಭವ ಎಷ್ಟು, ಮುರಿದು ಬೀಳುವ ಜಾಗದಲ್ಲಿ ಜನರು ಎಷ್ಟು ಹೊತ್ತು ಇರುತ್ತಾರೆ, ಬಿದ್ದರೆ ಆಗುವ ಹಾನಿ ಎಷ್ಟು ಎಂಬ ಮೂರನ್ನೂ ಕೂಡಿಸಿ ತೂಗಿ ನೋಡುವ ವಿಷಯ. ಬ್ರಿಟನ್ನಿನ ರಾಷ್ಟ್ರೀಯ ಮರ ಸುರಕ್ಷತಾ ಗುಂಪಿನ ಲೆಕ್ಕದಂತೆ ಅಲ್ಲಿ ಮರ ಅಥವಾ ಕೊಂಬೆ ಬಿದ್ದು ಒಬ್ಬ ವ್ಯಕ್ತಿ ಸಾಯುವ ಸಂಭವ ವರ್ಷಕ್ಕೆ ಸುಮಾರು ಒಂದು ಕೋಟಿಯಲ್ಲಿ ಒಂದು. ಎಲ್ಲ ಊರುಗಳಿಗೂ ಇದೇ ಅಂಕಿ ಅನ್ವಯಿಸುತ್ತದೆ ಎಂದು ನಾನು ಹೇಳುವುದಿಲ್ಲ. ಗಾಳಿ, ಮಣ್ಣು, ನಿರ್ವಹಣೆ ಎಲ್ಲವೂ ಬೇರೆ. ಆದರೂ ದೊಡ್ಡ ಮರ ಎಂದಾಕ್ಷಣ ಗಂಡಾಂತರ ಎಂದು ಭಾವಿಸುವುದು ತಪ್ಪೆಂದು ತಿಳಿಯಲು ಇದು ಸಾಕು.

ಕಾಂಡದಲ್ಲಿ ಪೊಟರೆ ಕಂಡರೆ ಮರ ಸತ್ತಿದೆ ಎಂದು ಬರೆದುಬಿಡುತ್ತಾರೆ. ಮರದ ಒಳಗಿನ ತಿರುಳು ಜೀವವಿಲ್ಲದ ಭಾಗ. ನೀರು ಸಾಗುವುದು ಹೊರಗಿನ ಪದರಗಳಲ್ಲಿ. ಗಾಯವಾದಾಗ ಮರವು ನಮ್ಮ ಚರ್ಮದಂತೆ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಅಲ್ಲಿಯೇ ತಡೆದು, ಹೊರಗೆ ಹೊಸ ಕಟ್ಟಿಗೆಯ ಪದರವನ್ನು ಬೆಳೆಸುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಕಾಂಡಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಜರ್ಮನಿಯ ಕ್ಲಾಸ್ ಮ್ಯಾಥೆಕ್ ಅವರು ಮುರಿದ ಹಾಗೂ ನಿಂತ ಮರಗಳನ್ನು ಹೋಲಿಸಿ, ಗಟ್ಟಿಯಾಗಿ ಉಳಿದಿರುವ ಹೊರಗೋಡೆಯ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದಾಗ ಎಚ್ಚರ ವಹಿಸಬೇಕು ಎಂಬ ಮಾರ್ಗಸೂಚಿ ಕೊಟ್ಟರು. ಅದು ಎಲ್ಲ ಮರಗಳಿಗೂ ಹೊಂದುವ ಕಟ್ಟುನಿಟ್ಟಿನ ನಿಯಮವಲ್ಲ ಎಂಬ ಚರ್ಚೆ ವೃತ್ತಿಯಲ್ಲಿರುವವರ ನಡುವೆ ನಡೆದೇ ಇದೆ, ಆದರೆ ಟೊಳ್ಳಾದ ಮರವೆಲ್ಲ ಬೀಳುತ್ತದೆ ಎಂಬ ಮಾತಿಗೆ ಅದು ಸರಿಯಾದ ಉತ್ತರ.

ಆದ್ದರಿಂದ ಪರಿಶೀಲನೆ ಮಾಡಿದವರು ಯಾರು, ಹೇಗೆ ಮಾಡಿದರು ಎಂದು ಕೇಳಿ. ರಸ್ತೆಯಲ್ಲಿ ನಡೆದುಕೊಂಡು ಹೋಗುತ್ತಾ ನೋಡುವುದು ಒಂದು ಹಂತ. ಮರದ ಸುತ್ತ ತಿರುಗಿ ಬುಡ, ಕಾಂಡ, ಕವಲು, ತುದಿ ಎಲ್ಲವನ್ನೂ ನೋಡಿ, ಮರದ ಸುತ್ತಿಗೆಯಿಂದ ತಟ್ಟಿ ಧ್ವನಿ ಕೇಳುವುದು ಎರಡನೆಯದು. ಶಬ್ದತರಂಗದ ಉಪಕರಣದಿಂದಲೋ ಸೂಜಿಯಂತಹ ಬೈರಿಗೆಯಿಂದಲೋ ಒಳಗಿನ ಗೋಡೆಯನ್ನು ಅಳೆಯುವುದು ಮೂರನೆಯದು. ಒಂಬತ್ತು ದೊಡ್ಡ ಮರಗಳನ್ನು ಉರುಳಿಸುವ ತೀರ್ಮಾನಕ್ಕೆ ಕನಿಷ್ಠ ಎರಡನೇ ಹಂತದ ಪರಿಶೀಲನೆಯಾದರೂ ಆಗಿರಬೇಕು.

ನೀವೇ ನೋಡಬಹುದಾದದ್ದೂ ಇದೆ. ಮಳೆ ಬಿದ್ದ ಮಾರನೆಯ ದಿನ ಬುಡದ ಬಳಿ ಕುಳಿತು ನೋಡಿ. ಬೇರು ಕಾಂಡವನ್ನು ಸೇರುವ ಕಡೆ ಗಟ್ಟಿಯಾದ ತಟ್ಟೆಯಂತಹ ಅಣಬೆಗಳು ಎದ್ದಿವೆಯೇ, ಮರ ಒಂದು ಕಡೆ ವಾಲಿ ಎದುರು ಬದಿಯ ಮಣ್ಣಿನಲ್ಲಿ ಹೊಸ ಬಿರುಕು ಬಿದ್ದಿದೆಯೇ, ಎರಡು ಕವಲುಗಳ ನಡುವಿನ ಸೀಳಿನಿಂದ ರಸ ಸೋರುತ್ತಿದೆಯೇ ಎಂದು ಗಮನಿಸಿ. ಇವುಗಳಲ್ಲಿ ಯಾವುದಾದರೂ ಕಂಡರೆ ಅದನ್ನು ಮರೆಮಾಚಬೇಡಿ. ಬುಡದ ಬೇರುಗಳು ಕೊಳೆತ ಮರವನ್ನು ಉಳಿಸಿಕೊಡಿ ಎಂದು ಬೇಡಿದ ಒಂದು ಬೀದಿಯವರಿಗೆ ಬೇಡವೆಂದು ಹೇಳಿದವನು ನಾನು; ಅವರಿಗೆ ನನ್ನ ಮೇಲೆ ಬೇಸರವಾಗಿತ್ತು, ಆದರೆ ಕಡಿದ ಮೇಲೆ ಬೊಡ್ಡೆಯ ಒಳಗೆ ಕೈಯಿಟ್ಟರೆ ಒದ್ದೆ ಹಿಟ್ಟಿನಂತೆ ಪುಡಿಯಾಗಿ ಬಂತು. ಒಂಬತ್ತರಲ್ಲಿ ಒಂದು ನಿಜವಾಗಿಯೂ ಕಡಿಯಬೇಕಾದ ಮರವಿದ್ದರೆ ಅದನ್ನು ನೀವೇ ಮೊದಲು ಒಪ್ಪಿಕೊಳ್ಳಿ. ಉಳಿದ ಎಂಟರ ಬಗ್ಗೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮತ್ತೊಂದು ಎಚ್ಚರಿಕೆ. ರಾಜಿಯ ರೂಪದಲ್ಲಿ ‘ಮರ ಕಡಿಯುವುದಿಲ್ಲ, ಮೇಲಿನಿಂದ ಅರ್ಧಕ್ಕೆ ಕತ್ತರಿಸುತ್ತೇವೆ’ ಎಂದರೆ ಒಪ್ಪಬೇಡಿ. ತಲೆ ಬೋಳಿಸಿದ ಮರದ ಕಡಿತಗಳಲ್ಲಿ ಕೊಳೆ ಸೇರುತ್ತದೆ. ಅಲ್ಲಿಂದ ಚಿಗುರುವ ಕೊಂಬೆಗಳ ಹಿಡಿತ ಸಡಿಲವಾಗಿರುತ್ತದೆ. ಕೆಲವೇ ವರ್ಷಗಳಲ್ಲಿ ಅದು ನಿಜವಾಗಿಯೂ ಅಪಾಯಕಾರಿ ಮರವಾಗುತ್ತದೆ.

ಪ್ರಶ್ನೆ ಕೇಳಿದವರಿಂದ – ಎಂಟು ದಿನಗಳ ನಂತರ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಅಕ್ಕಪಕ್ಕದ ಹದಿನಾಲ್ಕು ಮನೆಯವರು ಸಹಿ ಮಾಡಿ ಮರವಾರು ಕಾರಣ ಕೇಳಿ ಪತ್ರ ಕೊಟ್ಟೆವು. ಗಾಲಿಕುರ್ಚಿಯ ಹಿರಿಯರ ಸಹಿಯೇ ಮೊದಲನೆಯದು. ಕಡತ ನೋಡಲು ಅವಕಾಶ ಸಿಕ್ಕಿತು. ಇಂಜಿನಿಯರ್ ಸಾಹೇಬರು ಹೇಳಿದ್ದು ಅಕ್ಷರಶಃ ಸರಿಯಿತ್ತು. ಒಂದನೇ ಮರದ ಮುಂದೆ ‘ಪಾದಚಾರಿ ಮಾರ್ಗಕ್ಕೆ ಅಡಚಣೆ’ ಎಂದಿದೆ, ಎರಡರಿಂದ ಒಂಬತ್ತರವರೆಗೆ ‘ಸದರಿ’. ಪರಿಶೀಲನೆಯ ವರದಿ ಎರಡು ಮರಗಳದ್ದು ಮಾತ್ರ ಇದೆ, ಅದರಲ್ಲಿ ಅಳತೆಯೇನೂ ಇಲ್ಲ. ನಾಲ್ಕನೇ ಮರದ ಬುಡದಲ್ಲಿ ನನ್ನ ಅಂಗೈ ಅಗಲದ ಮೂರು ಅಣಬೆಗಳನ್ನು ನಾವೇ ಕಂಡು ಫೋಟೋ ಸಮೇತ ತಿಳಿಸಿದ್ದೇವೆ.

ಈಗ ಅವರ ಮುಖ್ಯ ವಾದ ಹತ್ತು ಸಸಿಗಳದ್ದು. ಒಂದಕ್ಕೆ ಹತ್ತು ಸಿಗುವಾಗ ನಿಮಗೇನು ನಷ್ಟ ಎಂದು ಕೇಳುತ್ತಾರೆ. ಇದಕ್ಕೆ ಹೇಗೆ ಉತ್ತರಿಸಬೇಕು? ಇನ್ನೊಂದು ಆತಂಕವೆಂದರೆ, ಚರ್ಚೆ ನಡೆಯುತ್ತಿರುವಾಗಲೇ ಒಂದು ದಿನ ಬಂದು ಕಡಿದುಬಿಟ್ಟರೆ ಏನು ಮಾಡುವುದು?

ಉತ್ತರ – ಬೀಜದಿಂದ ನೆರಳಿಗೆ

ಸಸಿಗಳ ಬಗ್ಗೆ ನಾನು ಹೇಳಬಲ್ಲೆ; ಸಸಿ ನೆಡುವ ಕೆಲಸದಲ್ಲಿಯೇ ಹಲವು ವರ್ಷಗಳಿಂದ ತೊಡಗಿಕೊಂಡಿದ್ದೇನೆ. ಸಸಿ ನೆಡುವುದು ಒಳ್ಳೆಯ ಕೆಲಸ, ನಿಂತ ಮರಕ್ಕೆ ಅದು ಬದಲಿಯಲ್ಲ.

ಮರದಿಂದ ನಮಗೆ ಸಿಗುವುದೆಲ್ಲ ಎಲೆಗಳಿಂದ ಸಿಗುತ್ತದೆ: ನೆರಳು, ತಂಪು, ದೂಳು ಹಿಡಿಯುವುದು, ಮಳೆಯನ್ನು ತಡೆದು ನಿಧಾನವಾಗಿ ನೆಲಕ್ಕೆ ಬಿಡುವುದು. ನೆರಳಿನಲ್ಲಿರುವ ಗೋಡೆ, ನೆಲಗಳು ಬಿಸಿಲಿಗೆ ಬಿದ್ದವಕ್ಕಿಂತ 11ರಿಂದ 25 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಆಳೆತ್ತರದ ಸಸಿಯ ಎಲೆಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಬಹುದು. ನಿಮ್ಮ ಆರನೇ ಮರದ ಎಲೆಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಹಾಸಿದರೆ ರಸ್ತೆಯೇ ಸಾಲದು. ಹತ್ತು ಸಸಿ ಸೇರಿದರೂ ಅದಕ್ಕೆ ಸಮನಾಗಲು ದಶಕಗಳು ಬೇಕು, ಅದೂ ಹತ್ತೂ ಬದುಕಿದರೆ.

ಅವು ಬದುಕುತ್ತವೆಯೇ ಎಂಬುದೇ ಮುಖ್ಯ ಪ್ರಶ್ನೆ. ಬೀದಿಮರಗಳ ಬಾಳಿಕೆಯ ಬಗ್ಗೆ ನಡೆದಿದ್ದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು, ವರ್ಷಕ್ಕೆ ನೂರರಲ್ಲಿ ಮೂರೂವರೆಯಿಂದ ಐದು ಮರಗಳು ಸಾಯುತ್ತವೆ, ಬೀದಿಮರವೊಂದರ ಸರಾಸರಿ ಆಯಸ್ಸು 19ರಿಂದ 28 ವರ್ಷ ಎಂದು ಲೆಕ್ಕ ಹಾಕಿತು. ಅಂದರೆ ನಿಮ್ಮ ರಸ್ತೆಯ ಮರಗಳು ಹೆಚ್ಚಿನ ಸಸಿಗಳು ದಾಟಲಾಗದ ವಯಸ್ಸನ್ನು ದಾಟಿ ನಿಂತಿವೆ. ಹೀಗಿರುವಾಗ ಸಸಿಗಳ ಸಂಖ್ಯೆಯ ಬದಲು, ಯಾವ ಜಾಗದಲ್ಲಿ, ಎಷ್ಟು ಮಣ್ಣಿನಲ್ಲಿ ನೆಡುತ್ತೀರಿ, ಮೊದಲ ಮೂರು ಬೇಸಿಗೆ ನೀರು ಹಾಕುವವರು ಯಾರು, ಸತ್ತ ಸಸಿಯ ಜಾಗದಲ್ಲಿ ಮತ್ತೆ ನೆಡುವ ಹೊಣೆ ಯಾರದು, ಐದನೇ ವರ್ಷ ಎಣಿಸಿ ವರದಿ ಕೊಡುವವರು ಯಾರು ಎಂದು ಕೇಳಿ. ಹಿಂದಿನ ಕಾಮಗಾರಿಗಳಲ್ಲಿ ‘ಬೇರೆಡೆ’ ನೆಟ್ಟ ಸಸಿಗಳನ್ನು ತೋರಿಸಿ ಎಂದೂ ಕೇಳಿ. ‘ಬೇರೆಡೆ’ ಎಂದರೆ ನಿಮ್ಮ ರಸ್ತೆಯಲ್ಲಂತೂ ಅಲ್ಲ. ನೆರಳು ಕಳೆದುಕೊಳ್ಳುವವರು ಒಬ್ಬರು, ಸಸಿ ಪಡೆಯುವವರು ಇನ್ನೊಬ್ಬರು.

ಮರಕ್ಕೆ ಬೆಲೆ ಕಟ್ಟುವ ಪದ್ಧತಿಗಳೂ ಇವೆ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಕ್ಯಾವಟ್ ಎಂಬ ವಿಧಾನವು ಕಾಂಡದ ಗಾತ್ರ, ಮರದ ಆರೋಗ್ಯ, ಅದು ಎಷ್ಟು ಜನರಿಗೆ ಎಟಕುವಂತಿದೆ ಎಂಬುದನ್ನು ಲೆಕ್ಕ ಹಾಕುತ್ತದೆ; 2008ರಲ್ಲಿ ಲಂಡನ್ನಿನ ಬರ್ಕ್ಲಿ ಚೌಕದ ಪ್ಲೇನ್ ಎಂಬ ಜಾತಿಯ ಒಂದು ಮರಕ್ಕೆ ಈ ವಿಧಾನದಲ್ಲಿ ಏಳೂವರೆ ಲಕ್ಷ ಪೌಂಡ್ ಬೆಲೆ ಬಂದಿತ್ತು. ಬೆಲೆ ಕಟ್ಟುವುದು ನನಗೆ ಪೂರ್ತಿ ಹಿಡಿಸಿದ ಮಾತಲ್ಲ. ಆದರೆ ಅಂದಾಜುಪಟ್ಟಿಯಲ್ಲಿ ಮರದ ಮುಂದೆ ಕಡಿಯುವ ಖರ್ಚು ಮಾತ್ರ ಇರುವಾಗ, ಕಳೆದುಕೊಳ್ಳುವುದರ ಲೆಕ್ಕವನ್ನೂ ಬರೆಯುವಂತೆ ಮಾಡಲು ಅದು ನೆರವಾಗುತ್ತದೆ.

ಉತ್ತರ – ಕಡತ ಓದುವವಳು

ಚರ್ಚೆಯ ನಡುವೆಯೇ ಕಡಿದುಬಿಟ್ಟರೆ ಎಂಬ ನಿಮ್ಮ ಭಯಕ್ಕೆ ಆಧಾರವಿದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ನಡೆದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೀದಿಮರಗಳ ವಿಷಯದಲ್ಲಿ ಸ್ಥಳೀಯ ಆಡಳಿತವೊಂದು ಎಲ್ಲಿ ಎಲ್ಲಿ ತಪ್ಪಬಹುದು ಎಂಬುದು ಅಲ್ಲಿನ ದಾಖಲೆಗಳಲ್ಲಿ ಪೂರ್ತಿಯಾಗಿ ಸಿಗುತ್ತದೆ.

ಅಲ್ಲಿನ ನಗರ ಕೌನ್ಸಿಲ್ 2012ರಲ್ಲಿ ರಸ್ತೆಗಳ ನಿರ್ವಹಣೆಯನ್ನು 25 ವರ್ಷಗಳ ಅವಧಿಗೆ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತು. ನಗರದಲ್ಲಿ ಸುಮಾರು 36,000 ಬೀದಿಮರಗಳಿದ್ದವು. ಅವುಗಳಲ್ಲಿ 17,500 ಮರಗಳನ್ನು ಬದಲಾಯಿಸುವ ಅಂಶ ಗುತ್ತಿಗೆಯಲ್ಲಿಯೇ ಇತ್ತು. ಆದರೆ ಮಾಹಿತಿ ಹಕ್ಕಿನ ಮೂಲಕ ಅದು ಹೊರಬಂದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದವು. ಜನರ ಒತ್ತಾಯಕ್ಕೆ ಸ್ವತಂತ್ರ ಮರ ಸಮಿತಿಯೊಂದನ್ನು ರಚಿಸಿದರೂ ಮರ ಉಳಿಸಬಹುದೆಂದು ಅದು ಕೊಟ್ಟ ಸಲಹೆಗಳಲ್ಲಿ ಬಹುಪಾಲನ್ನು ಕೌನ್ಸಿಲ್ ತಳ್ಳಿಹಾಕಿತು. 2016ರ ನವೆಂಬರ್ 17ರಂದು ರಸ್ಲಿಂಗ್ಸ್ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲೇ ಪೊಲೀಸರು ಮನೆ ಮನೆಯ ಬಾಗಿಲು ತಟ್ಟಿ, ಕಾರುಗಳನ್ನು ತೆಗೆಯಿರಿ ಎಂದರು. ಎಂಟು ಮರಗಳನ್ನು ಕಡಿಯಲಾಯಿತು. ಎಪ್ಪತ್ತು ದಾಟಿದ ಇಬ್ಬರು ಮಹಿಳೆಯರನ್ನೂ ಬಂಧಿಸಲಾಯಿತು, ನಂತರ ಆ ಮೊಕದ್ದಮೆ ಕೈಬಿಡಲಾಯಿತು. 2017ರಲ್ಲಿ ಕೌನ್ಸಿಲ್ ಪ್ರತಿಭಟನಕಾರರ ವಿರುದ್ಧವೇ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು.

2018ರ ಮಾರ್ಚ್‌ನಲ್ಲಿ ಕಡಿತ ನಿಂತ ಮೇಲೆ ಕೌನ್ಸಿಲ್, ಕಂಪನಿ, ನಾಗರಿಕರು ಒಟ್ಟಾಗಿ ಒಂದೊಂದೇ ಮರವನ್ನು ನಿಂತು ನೋಡಿದರು. ಕಡಿಯಲೇಬೇಕು ಎಂದಿದ್ದ ಮರಗಳಲ್ಲಿ ಹೆಚ್ಚಿನವನ್ನು, ಮೇಲೆ ಇಂಜಿನಿಯರ್ ಸಾಹೇಬರು ಹೇಳಿದಂತಹ ಸಾಮಾನ್ಯ ದುರಸ್ತಿಗಳಿಂದಲೇ ಉಳಿಸಿಕೊಳ್ಳಲು ಸಾಧ್ಯವಾಯಿತು. ಸರ್ ಮಾರ್ಕ್ ಲೋಕಾಕ್ ನಡೆಸಿದ ವಿಚಾರಣೆಯ ವರದಿ 2023ರ ಮಾರ್ಚ್‌ನಲ್ಲಿ ಹೊರಬಂದಿತು, ಕೌನ್ಸಿಲ್ ಕ್ಷಮೆ ಕೇಳಿತು. ಅದೇ ತಿಂಗಳು ಪ್ಲಿಮತ್ ನಗರದ ಆರ್ಮಡಾ ವೇ ರಸ್ತೆಯಲ್ಲಿ ರಾತ್ರೋರಾತ್ರಿ ನೂರಕ್ಕೂ ಹೆಚ್ಚು ಮರಗಳನ್ನು ಕಡಿದರು. ಕೊನೆಯ ಹದಿನಾರು ಮರಗಳು ಮಧ್ಯರಾತ್ರಿ ಬಂದ ತಡೆಯಾಜ್ಞೆಯಿಂದ ಉಳಿದವು. ಇಂಗ್ಲೆಂಡಿನಲ್ಲಿ ಈಗ 2021ರ ಪರಿಸರ ಕಾಯ್ದೆಯಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೀದಿಮರ ಕಡಿಯುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುವುದು ಕಡ್ಡಾಯ. ಆ ನಿಯಮ 2023ರ ನವೆಂಬರ್‌ನಿಂದ ಜಾರಿಯಲ್ಲಿದೆ.

ನೀವು ಎಲ್ಲಿಯೇ ಇರಿ, ಇದರಿಂದ ನಿಮಗೆ ಬೇಕಾಗುವುದು ಮೂರು ಕೆಲಸಗಳು. ಮೊದಲನೆಯದಾಗಿ, ಕಾಮಗಾರಿಯ ಗುತ್ತಿಗೆ ಪತ್ರದ ಪ್ರತಿಯನ್ನು ಇಂದೇ ಕೇಳಿ; ಮರಗಳ ಸಂಖ್ಯೆ ಅದರಲ್ಲಿ ನಮೂದಾಗಿದ್ದರೆ ನೀವು ವಾದಿಸಬೇಕಾದದ್ದು ಒಂದೊಂದು ಮರದ ಆರೋಗ್ಯಕ್ಕಿಂತ ಮುಂಚಿತವಾಗಿ ಆ ಸಂಖ್ಯೆಯ ಬಗ್ಗೆ. ಎರಡನೆಯದಾಗಿ, ಆಕ್ಷೇಪಣೆ ತೀರ್ಮಾನವಾಗುವವರೆಗೆ ಯಾವ ಮರವನ್ನೂ ಮುಟ್ಟುವುದಿಲ್ಲ ಎಂಬ ಲಿಖಿತ ಭರವಸೆ ಕೇಳಿ, ಕೊಡದಿದ್ದರೆ ಆ ನಿರಾಕರಣೆಯನ್ನೇ ಆಧಾರವಾಗಿಟ್ಟು ತಡೆಯಾಜ್ಞೆಗೆ ಹೋಗಲು ವಕೀಲರೊಬ್ಬರನ್ನು ಈಗಲೇ ಕಂಡು ಕಾಗದಗಳನ್ನು ಸಿದ್ಧವಿಟ್ಟುಕೊಳ್ಳಿ. ಗರಗಸದ ಸದ್ದು ಕೇಳಿದ ಮೇಲೆ ಅರ್ಜಿ ಬರೆಯಲು ಸಮಯವಿರುವುದಿಲ್ಲ. ಮೂರನೆಯದು ಜಂಟಿ ಪರಿಶೀಲನೆ: ಅಧಿಕಾರಿ, ಮರತಜ್ಞರು, ನಿವಾಸಿಗಳು ಒಟ್ಟಿಗೆ ನಿಂತು ಪ್ರತಿ ಮರದ ಬುಡದಲ್ಲಿಯೇ ಅಭಿಪ್ರಾಯ ಬರೆದು ಸಹಿ ಮಾಡಲಿ. ಕೆಲಸಗಾರರ ಎದುರು ಜಗಳಕ್ಕೆ ನಿಲ್ಲುವುದನ್ನು ನಾನು ಸಲಹೆ ಮಾಡುವುದಿಲ್ಲ. ಗರಗಸ ಹಿಡಿದು ಬಂದವರು ಪಟ್ಟಿ ಮಾಡಿದವರಲ್ಲ. ಓಡುತ್ತಿರುವ ಯಂತ್ರದ ಬಳಿ ನುಗ್ಗುವುದು ಇಬ್ಬರಿಗೂ ಅಪಾಯ.

ಪ್ರಶ್ನೆ ಕೇಳಿದವರಿಂದ – ಇನ್ನೊಂದು ತಿಂಗಳ ನಂತರ

ಕೇಳಿದವರಿಗೆಲ್ಲ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಲಿಖಿತ ಭರವಸೆ ಎರಡನೇ ಪತ್ರಕ್ಕೆ ಸಿಕ್ಕಿತು. ಜಂಟಿ ಪರಿಶೀಲನೆ ನಿನ್ನೆ ಬೆಳಿಗ್ಗೆ ನಡೆಯಿತು. ರಸ್ತೆ ವಿಭಾಗದಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬರು ತಾಳ್ಮೆಯಿಂದ ಪ್ರತಿ ಮರದ ಬಳಿಯೂ ಟೇಪು ಹಿಡಿದು ಅಳೆದರು. ನಾಲ್ಕನೇ ಮರವನ್ನು ತೆಗೆಯಬೇಕೆಂದು ಎಲ್ಲರೂ ಒಪ್ಪಿದೆವು. ಅದೇ ಜಾಗದಲ್ಲಿ, ಗುಂಡಿಯನ್ನು ಅಗಲವಾಗಿ ತೆಗೆದು ಹೊಸ ಮಣ್ಣು ತುಂಬಿ ಮತ್ತೊಂದನ್ನು ನೆಡಬೇಕೆಂದು ಬರೆಸಿದೆವು. ಐದು ಮರಗಳು ಪಟ್ಟಿಯಿಂದ ಹೊರಬಂದಿವೆ. ಎರಡಕ್ಕೆ ಉಪಕರಣದ ಪರೀಕ್ಷೆ ಆಗಬೇಕಿದೆ.

ಆರನೇ ಮರದ ಬಳಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತೆವು. ಕೈಯಿಂದಲೇ ಒಂದು ಚಪ್ಪಡಿ ಎತ್ತಿಸಿದಾಗ ಅದರ ಕೆಳಗೆ ನನ್ನ ತೋಳಿನಷ್ಟು ದಪ್ಪದ ಬೇರು, ಚಪ್ಪಡಿಯ ತಳದ ಆಕಾರಕ್ಕೆ ತಕ್ಕಂತೆ ಚಪ್ಪಟೆಯಾಗಿ ಬೆಳೆದಿತ್ತು. ಪಕ್ಕದ ಮನೆಯ ಹಿರಿಯರು ತಮ್ಮ ಗಾಲಿಕುರ್ಚಿಯಲ್ಲಿಯೇ ಬಂದು, ಎಷ್ಟು ಉದ್ದದ ಇಳಿಜಾರು ಇದ್ದರೆ ತಮಗೆ ಯಾರ ಸಹಾಯವೂ ಇಲ್ಲದೆ ಹತ್ತಲು ಆಗುತ್ತದೆ ಎಂದು ತೋರಿಸಿದರು. ಆ ಯುವಕರು ಅದನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಮಾಡಿಕೊಂಡು, ಅಂದಾಜು ತಯಾರಿಸಿ ಮುಂದಿನ ಸೋಮವಾರ ತರುವುದಾಗಿ ಹೇಳಿ ಹೋಗಿದ್ದಾರೆ. ಹಳದಿ ಅಂಕಿ ಕಾಂಡದ ಮೇಲೆ ಇನ್ನೂ ಹಾಗೆಯೇ ಇದೆ.